ಬೆತ್ತಲೆಯೂ ಅಶ್ಲೀಲವೂ: ಒಂದು ಪ್ರಬಂಧದ ವಿಮರ್ಶೆ

ಅಶ್ಲೀಲವೆಂಬ ಮಾತು ನ್ಯಾಯಸ್ಥಾನದ ಮೆಟ್ಟಿಲೇರುವುದಕ್ಕೆ ಬಹುಕಾಲ ಮೊದಲೇ ಅಲಂಕಾರಶಾಸ್ತ್ರದಲ್ಲಿ ನೆಲೆಗೊಂಡಿದ್ದಿತು. ಕಾವ್ಯಪ್ರಕಾಶಕಾರನಾದ ಮಮ್ಮಟನು ದೋಷಪ್ರಕರಣದಲ್ಲಿ ಅದನ್ನು ವ್ರೀಡೆ, ಜುಗುಪ್ಸೆ, ಅಮಂಗಲ ಎಂಬಿವುಗಳನ್ನು ವ್ಯಂಜಿಸತಕ್ಕದ್ದೆಂದು ಮೂರಾಗಿ ವಿಭಾಗಿಸಿರುವನು. ಅಷ್ಟಕ್ಕೇ ನಿಲ್ಲದೆ, ಸಂದರ್ಭವಿಶೇಷದಲ್ಲಿ ಆ ದೋಷವೇ ಗುಣವಾಗುವುದೆಂದೂ, ಶಮಕಥೆಯಲ್ಲಿ, ಎಂದರೆ ವೈರಾಗ್ಯದ ಪ್ರಸಂಗದಲ್ಲಿ, ಜುಗುಪ್ಸೆಯ ಮಾತೇ ಉಚಿತವೆಂದೂ ಒಪ್ಪಿರುವನು. ಪದವು ತನ್ನಷ್ಟಕ್ಕೆ ತಾನು ಅಶ್ಲೀಲವಲ್ಲ. ಯಾರು, ಯಾರ ಮುಂದೆ, ಯಾವ ಪ್ರಸಂಗದಲ್ಲಿ ನುಡಿದರೆಂಬುದರಿಂದ ಅದು ನಿರ್ಣಯವಾಗತಕ್ಕದ್ದು. ಪದಕ್ಕೆ ಸಲ್ಲುವ ಈ ನ್ಯಾಯವು ದೇಹಕ್ಕೂ ಸಲ್ಲುವುದೆ? ಮನುಷ್ಯನು ನಾಲ್ವರ ನಡುವೆ ಬಟ್ಟೆಯಿಲ್ಲದೆ ನಿಂತರೆ ರಾಜಶಾಸನವು ಎಲ್ಲಿ ಗೆರೆ ಎಳೆಯಬೇಕು? ಈ ಪ್ರಶ್ನೆಯನ್ನು ಕನ್ನಡದಲ್ಲಿ ಧೈರ್ಯದಿಂದ ಎತ್ತಿದ ಬರಹಗಳಲ್ಲಿ ಯು. ಆರ್. ಅನಂತಮೂರ್ತಿಯವರ ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂಬ ಪ್ರಬಂಧವು ಮುಖ್ಯವಾದುದು.

ಅನಂತಮೂರ್ತಿಯವರು ಈ ಸೀಮೆಗೆ ಹೊರಗಿನವರಲ್ಲ. ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದವರು. ಅವರ ‘ಸಂಸ್ಕಾರ’ವು 1970ರಲ್ಲಿ ಚಲಚ್ಚಿತ್ರವಾದಾಗ ಅದರ ಚಿತ್ರೀಕರಣವು ನಡೆದುದು ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ. ಆ ಚಿತ್ರವನ್ನು ಮದರಾಸಿನ ಸೆನ್ಸಾರ್ ಮಂಡಳಿಯು ಮೊದಲು ತಡೆಹಿಡಿದಿದ್ದು, ಕೇಂದ್ರಸರ್ಕಾರವು ಬಳಿಕ ಬಿಡುಗಡೆಮಾಡಿತು. ಸರ್ಕಾರವು ಎಳೆಯುವ ಗೆರೆಯು ಕೆಲವೊಮ್ಮೆ ತಪ್ಪಾದ ಜಾಗದಲ್ಲಿ ಬೀಳುವುದೆಂಬುದು ಅವರಿಗೆ ಓದಿನಿಂದ ಬಂದ ತಿಳಿವಳಿಕೆಯಷ್ಟೇ ಆಗಿರಲಿಲ್ಲ.

ಪ್ರಬಂಧಕ್ಕೆ ಕಾರಣವಾದ ಘಟನೆಯು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯದು. ಅಲ್ಲಿನ ಗುಹಾದೇವಾಲಯದ ರೇಣುಕಾಂಬೆಗೆ ಹರಕೆ ಹೊತ್ತವರು ಜಾತ್ರೆಯ ದಿನ ವರದಾನದಿಯಲ್ಲಿ ಮಿಂದು, ಬೇವಿನ ಸೊಪ್ಪನ್ನು ಹಿಡಿದು, ಬೆತ್ತಲೆಯಾಗಿ ನಡೆದು ಬೆಟ್ಟವನ್ನು ಹತ್ತುತ್ತಿದ್ದರು. ಅವರಲ್ಲಿ ಹೆಚ್ಚಿನವರು ದಲಿತ ಹಾಗೂ ಹಿಂದುಳಿದ ಸಮುದಾಯಗಳವರು. ಸ್ತ್ರೀಯರೂ ಮಕ್ಕಳೂ ಇದ್ದರು. ನೋಡಲೆಂದೇ ಬಂದು ನೆರೆಯುವವರೂ ಉಂಟಾಗಿದ್ದರು. 1986ರ ಮಾರ್ಚ್ ತಿಂಗಳಲ್ಲಿ ಈ ಸೇವೆಯನ್ನು ತಡೆಯಲು ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರೂ ಪೋಲೀಸರೂ ಮುಂದಾದಾಗ ಜನಸಮೂಹವು ಕೆರಳಿ ಅವರ ಮೇಲೆರಗಿತು. ತಡೆಯಬಂದವರನ್ನೇ, ಸ್ತ್ರೀಯರೆಂದೂ ನೋಡದೆ, ವಿವಸ್ತ್ರಗೊಳಿಸಿ ನಡೆಸಿತು. ಆಮೇಲೆ ಸರ್ಕಾರವು ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಪ್ರಬಂಧದ ಹಿರಿಮೆಯು ಅದರ ಆತ್ಮಪರೀಕ್ಷೆಯಲ್ಲಿದೆ. ವಿಚಾರವಾದಿಯಾಗಿ ಲೇಖಕರು ನಿಷೇಧದ ಪಕ್ಷದಲ್ಲಿರಬೇಕಾದವರು. ಆದರೆ ಕಥೆಗಾರರಾಗಿ ಅವರಿಗೆ ಸಂಶಯ ಹುಟ್ಟುವುದು. ಛಾಯಾಚಿತ್ರದ ಯಂತ್ರವನ್ನು ಹಿಡಿದು ಬೆಟ್ಟದ ಬುಡದಲ್ಲಿ ನಿಂತ ನಾಗರಿಕನ ಕಣ್ಣಿಗೆ ಕಾಣುವ ಬೆತ್ತಲೆಯೂ ಹರಕೆಯವಳ ಮನಸ್ಸಿನ ಬೆತ್ತಲೆಯೂ ಒಂದೆಯೆ? ಇದನ್ನು ವಿಶದಪಡಿಸಲು ಅವರು ಒಬ್ಬ ಚಿತ್ರಕಾರನ ಪ್ರಸಂಗವನ್ನು ತರುವರು. ಉತ್ತರದೇಶದ ಹಳ್ಳಿಯೊಂದರಲ್ಲಿ ರೈತನೊಬ್ಬನು ಗುಡಿಸಲೊಳಗೆ ಕುಂಕುಮವಿಟ್ಟು ಪೂಜಿಸುತ್ತಿದ್ದ ಕಲ್ಲನ್ನು ಚಿತ್ರಕಾರನು ಛಾಯಾಚಿತ್ರಕ್ಕಾಗಿ ಹೊರಗೆ ಬಿಸಿಲಿಗೆ ತರಿಸುವನು. ಬಳಿಕ ತಾನು ದೇವರನ್ನು ಅಪವಿತ್ರಗೊಳಿಸಿದೆನೋ ಎಂದು ಆತನು ಕ್ಷಮೆ ಬೇಡಲು, ರೈತನು ಸ್ವಲ್ಪವೂ ಅಳುಕದೆ, ಬೇರೊಂದು ಕಲ್ಲನ್ನು ತಂದು ಕುಂಕುಮವಿಟ್ಟರಾಯಿತೆಂದು ಹೇಳುವನು. ಪಾವಿತ್ರ್ಯವು ಕಲ್ಲಿನಲ್ಲಿಲ್ಲ, ಭಾವದಲ್ಲಿದೆ. ಆ ಭಾವವನ್ನು ಕಾಣಲಾರದವನು ಅದನ್ನು ತಿದ್ದಹೊರಡುವುದು ಎಷ್ಟರಮಟ್ಟಿಗೆ ಸರಿ? ಸುಧಾರಕರ ಕಣ್ಣಿನ ಅಹಂಕಾರವನ್ನು ಇಷ್ಟು ಮೆಲ್ಲಗೆ, ಇಷ್ಟು ಆಳವಾಗಿ ಚುಚ್ಚಿದ ಬರಹಗಳು ವಿರಳ.

ಆದರೆ ಪ್ರಬಂಧದ ದೌರ್ಬಲ್ಯವೂ ಆ ಕಲ್ಲಿನಲ್ಲಿಯೇ ಇದೆ. ಕಲ್ಲಿಗೆ ಸಂಕಲ್ಪವಿಲ್ಲ, ವ್ರೀಡೆಯಿಲ್ಲ; ಬಿಸಿಲಿಗೆ ತಂದರೂ ಅದಕ್ಕೆ ನೋವಿಲ್ಲ. ಕೆಟ್ಟಿತೆಂದು ತೋರಿದರೆ ರೈತನು ಮತ್ತೊಂದನ್ನು ತರಬಲ್ಲನು. ಬೆಟ್ಟವನ್ನು ಹತ್ತುವ ಹುಡುಗಿಯು ಕಲ್ಲಲ್ಲ. ಜಾತ್ರೆ ಮುಗಿದ ಮರುದಿನ ಅವಳು ಅದೇ ಊರಿನ ಬೀದಿಯಲ್ಲಿ ನಡೆಯಬೇಕು, ತನ್ನನ್ನು ನೋಡಿದವರ ಗದ್ದೆಗೆ ನಾಟಿಗೆ ಹೋಗಬೇಕು. ಅವಳಿಗೆ ಮತ್ತೊಂದು ದೇಹವಿಲ್ಲ, ಮತ್ತೊಂದು ಮಾನವಿಲ್ಲ. ದೃಷ್ಟಾಂತವು ದಾರ್ಷ್ಟಾಂತಿಕಕ್ಕೆ ಎಲ್ಲಿ ಹೊಂದಬೇಕಾಗಿದ್ದಿತೋ ಅಲ್ಲಿಯೇ ತಪ್ಪಿಹೋಗಿದೆ. ಪ್ರಬಂಧದಲ್ಲಿ ನಡೆಯುವ ಮುಖ್ಯ ಸಂವಾದವು ಲೇಖಕರ ಅಂತರಂಗದ ಎರಡು ದನಿಗಳದು. ಹರಕೆ ಹೊತ್ತವಳು ಆ ಸಂವಾದಕ್ಕೆ ನಿಮಿತ್ತಳಾಗಿ ಉಳಿಯುವಳು. ಯಾಕೆ ಕೂಡದೆಂದು ಓದುಗನನ್ನು ಕೇಳುವ ಮುನ್ನ, ಇದು ನಿನ್ನ ಹರಕೆಯೋ ನಿನ್ನ ಪರವಾಗಿ ಹಿರಿಯರು ಹೊತ್ತದ್ದೋ ಎಂದು ಅವಳನ್ನು ಕೇಳಬೇಕಾಗಿದ್ದಿತು.

ಬೆತ್ತಲೆಯನ್ನು ಕಂಡೊಡನೆ ಕೆಡುಕೆನ್ನುವ ಸಂಪ್ರದಾಯವು ಕನ್ನಡನಾಡಿನದಲ್ಲ. ಕ್ರಿ.ಶ. 981ರಲ್ಲಿ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಗೊಮ್ಮಟನಿಗೆ ಬಟ್ಟೆಯಿಲ್ಲ. ನರಸಿಂಹರಾಜಪುರದ ಸಿಂಹನಗದ್ದೆಯ ಬಸದಿಗಳಲ್ಲಿ ಜಿನಬಿಂಬದ ಮುಂದೆ ಕೈಮುಗಿಯುವ ಗೃಹಿಣಿಗೆ ಅಲ್ಲಿ ಲಜ್ಜೆಯ ಮಾತೇ ತೋರುವುದಿಲ್ಲ. ದಿಗಂಬರ ಮುನಿಗಳು ವಿಹಾರಕ್ಕೆ ಬಂದರೆ ಊರು ತಲೆಬಾಗುವುದು. ಆ ಸ್ಥಿತಿಗೆ ಅವರು ವ್ರತಗಳ ಮೆಟ್ಟಿಲನ್ನು ಒಂದೊಂದಾಗಿ ಏರಿ ಬಂದವರು, ಯಾರೂ ತಳ್ಳಿ ತಂದವರಲ್ಲ. ಚಂದ್ರಗುತ್ತಿಯ ಜಿಲ್ಲೆಯಲ್ಲಿಯೇ ಇರುವ ಉಡುತಡಿಯ ಅಕ್ಕಮಹಾದೇವಿಯು ಅರಮನೆಯನ್ನೂ ಉಡುಗೆಯನ್ನೂ ತೊರೆದು ಹೊರಟವಳು. ಇವೆಲ್ಲ ಶಮಕಥೆಗಳು, ಮಮ್ಮಟನ ನ್ಯಾಯದಂತೆ ಇಲ್ಲಿ ದೋಷವು ಗುಣವಾಗಿದೆ. ಇವುಗಳನ್ನೂ, 1986ರಲ್ಲಿ ಜನರ ಗುಂಪು ಬಲಾತ್ಕಾರದಿಂದ ವಿವಸ್ತ್ರಗೊಳಿಸಿದವರ ಅವಸ್ಥೆಯನ್ನೂ ಬೆತ್ತಲೆಯೆಂಬ ಒಂದೇ ಮಾತಿನಿಂದ ಕರೆಯಬೇಕಾಗಿರುವುದು ಭಾಷೆಯ ಬಡತನ.

ಇನ್ನು ಶಾಸನದ ಕಡೆ ನೋಡಿದರೆ, 1860ರ ಭಾರತ ದಂಡಸಂಹಿತೆಯ 294ನೆಯ ಕಲಮು ಸಾರ್ವಜನಿಕ ಸ್ಥಳದಲ್ಲಿ ಪರರಿಗೆ ಕಿರುಕುಳವಾಗುವಂತೆ ನಡೆಸಿದ ಅಶ್ಲೀಲ ಕ್ರಿಯೆಯನ್ನು ದಂಡಿಸುತ್ತಿದ್ದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 296ನೆಯ ಕಲಮಿನಲ್ಲಿಯೂ ಅದೇ ಲಕ್ಷಣವಿದೆ. ದಂಡನೆ ಮೂರು ತಿಂಗಳವರೆಗಿನ ಸೆರೆ, ಇಲ್ಲವೆ 1,000 ರೂಪಾಯಿವರೆಗಿನ ಜುಲ್ಮಾನೆ, ಇಲ್ಲವೆ ಎರಡೂ. ದೇವಾಲಯದ ಶಿಲ್ಪಕ್ಕೂ ತೇರಿನ ಕೆತ್ತನೆಗೂ ಅಶ್ಲೀಲ ಚಿತ್ರಗ್ರಂಥಗಳ ಕಲಮಿನಲ್ಲಿ ವಿನಾಯಿತಿ ಉಂಟು. ಜೀವವಿರುವ ಮನುಷ್ಯನ ಕ್ರಿಯೆಯನ್ನು ಕುರಿತ ಕಲಮಿನಲ್ಲಿ ಅಂಥ ವಿನಾಯಿತಿಯಿಲ್ಲ. ಕಿರುಕುಳವೊಂದೇ ಅಳತೆಗೋಲಾದರೆ ಎರಡು ಅನರ್ಥಗಳು ಒದಗುವುವು. ಬೇಗ ಕೆರಳುವವನ ಸ್ವಭಾವವೇ ಎಲ್ಲರ ಸ್ವಾತಂತ್ರ್ಯಕ್ಕೂ ಎಲ್ಲೆಯಾಗುವುದು ಒಂದು. ಚಂದ್ರಗುತ್ತಿಯಲ್ಲಿ ನೆರೆದ ಭಕ್ತರಿಗೆ ಕಿರುಕುಳವೇ ಆಗದಿದ್ದುದರಿಂದ, ಅಲ್ಲಿ ನೊಂದವಳಿದ್ದರೂ ಅವಳ ನೋವು ಈ ಕಲಮಿನ ಕಣ್ಣಿಗೆ ಬೀಳದೆ ಹೋಗುವುದು ಇನ್ನೊಂದು.

ನ್ಯಾಯಸ್ಥಾನಗಳು ಈ ಸೂಕ್ಷ್ಮವನ್ನು ಕ್ರಮೇಣ ಗುರುತಿಸಿವೆ. 1964ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಗ್ಲೆಂಡಿನ 1868ರ ಹಳೆಯ ಅಳತೆಯನ್ನೇ ಹಿಡಿದಿದ್ದಿತು. 1996ರಲ್ಲಿ, ‘ಬ್ಯಾಂಡಿಟ್ ಕ್ವೀನ್’ ಚಿತ್ರದ ವ್ಯಾಜ್ಯದಲ್ಲಿ, ಹೆಣ್ಣೊಬ್ಬಳನ್ನು ಬೆತ್ತಲೆಯಾಗಿ ನಡೆಸುವ ದೃಶ್ಯವು ಕಾಮವನ್ನು ಕೆರಳಿಸದೆ, ಅವಳನ್ನು ಹಾಗೆ ನಡೆಸಿದವರ ಬಗೆಗೆ ಹೇಸಿಕೆಯನ್ನು ಹುಟ್ಟಿಸುವುದೆಂದು ಒಪ್ಪಿತು. 2014ರಲ್ಲಿ ಹಳೆಯ ಅಳತೆಯನ್ನು ಕೈಬಿಟ್ಟು, ಬೆತ್ತಲೆ ಚಿತ್ರವೆಂಬ ಮಾತ್ರಕ್ಕೆ ಅಶ್ಲೀಲವಲ್ಲವೆಂದು ಹೇಳಿತು. ಕರ್ಣಾಟಕದ ಶಾಸನಸಭೆಯಾದರೋ 2017ರ ಕಾಯಿದೆಯಲ್ಲಿ ಬೆತ್ತಲೆ ಸೇವೆಯನ್ನು ಅಮಾನವೀಯ ಪದ್ಧತಿಗಳ ಸಾಲಿಗೆ ಸೇರಿಸಿತು. ನೋಡುವವರ ಲಜ್ಜೆಯನ್ನು ಬಿಟ್ಟು ನಡೆಯುವವಳ ದುಃಖವನ್ನು ವಿಚಾರಿಸಿದ್ದು ಈ ಕಾಯಿದೆಯ ವಿಶೇಷ.

ಹಾಗಾದರೆ ಗೆರೆಯು ಎಲ್ಲಿರಬೇಕು? ಕೊಪ್ಪದ ಬಸ್ ನಿಲ್ದಾಣದಲ್ಲಿ ಶಾಲೆಯ ಹುಡುಗಿಯೆದುರು ಒಬ್ಬನು ಅಸಭ್ಯವಾಗಿ ನಿಂತನೆನ್ನೋಣ. ಅವಳು ಅದನ್ನು ಬೇಡಲಿಲ್ಲ. ಬಸ್ಸು ಬರುವವರೆಗೆ ಅಲ್ಲಿಂದ ಹೋಗಲಾರಳು. ಅವನಿಗೆ ಸ್ವಾತಂತ್ರ್ಯದ ಹೆಸರನ್ನೆತ್ತುವ ಹಕ್ಕಿಲ್ಲ, ಶಾಸನವು ಅವನನ್ನು ಹಿಡಿಯಲೇಬೇಕು. ಬೆಟ್ಟದಲ್ಲಿ ಮಗುವಿನ ಪರವಾಗಿ ಹರಕೆ ಹೊತ್ತು ಅದನ್ನು ನಡೆಸುವವನೂ, ನಡೆಯುವವಳ ಚಿತ್ರ ತೆಗೆದು ಮಾರುವವನೂ ಇದೇ ಸಾಲಿನವರು; ಇಬ್ಬರೂ ಪರರ ದೇಹದ ಮೇಲೆ ತಮ್ಮ ಇಚ್ಛೆಯನ್ನು ಹೇರುವವರು. ಆದರೆ ಪ್ರಾಯಕ್ಕೆ ಬಂದವಳು ತನ್ನ ಇಷ್ಟದಿಂದಲೇ ನಡೆದಳೆಂದರೆ, ಅವಳ ಕೈಗೆ ಬೇಡಿ ಹಾಕುವುದು ಶಾಸನದ ಕೆಲಸವಲ್ಲ. ದೇವಿಯ ಭಯದಿಂದ ಹುಟ್ಟಿದ ಇಷ್ಟವು ಇಷ್ಟವೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಸಂದೇಹವೇ, ಆದರೆ ಆ ಭಯವನ್ನು ಕಳೆಯಬಲ್ಲವು ಶಾಲೆ, ಆಸ್ಪತ್ರೆ, ಉಳುವುದಕ್ಕೆ ಸ್ವಂತ ನೆಲ, ಪೋಲೀಸರ ಲಾಠಿಯಲ್ಲವೆಂಬುದಕ್ಕೆ 1986ರ ಆ ದಿನವೇ ಸಾಕ್ಷಿ.

ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅಲ್ಲಮನು ಅವಳಿಗೆ ಬಟ್ಟೆ ಹೊದಿಸಲಿಲ್ಲ, ಹೊರಗೂ ಅಟ್ಟಲಿಲ್ಲ. ಉಡುಗೆಯನ್ನು ಬಿಟ್ಟವಳು ಕೂದಲಿನಿಂದ ಮೈಮುಚ್ಚಿಕೊಂಡುದೇಕೆಂದು ನಿಷ್ಠುರವಾಗಿಯೇ ಪ್ರಶ್ನಿಸಿದನು. ಬಳಿಕ ಅವಳ ಉತ್ತರವನ್ನು ಪೂರ್ತಿಯಾಗಿ ಕೇಳಿದನು. ಚಂದ್ರಗುತ್ತಿಯಲ್ಲಿ ತಡೆಯಹೋದವರೂ, ತಡೆಯುವುದೇಕೆಂದು ಬರೆದವರೂ ಸದುದ್ದೇಶದವರೇ. ಆದರೆ ನಡೆಯುವವಳನ್ನು ನಿಲ್ಲಿಸಿ ಕೇಳಿ, ಅವಳು ಹೇಳುವುದನ್ನು ಕೇಳಿಸಿಕೊಳ್ಳುವ ಆ ಕೆಲಸವು ಇನ್ನೂ ಉಳಿದಿದೆ.