‘ಘಟಶ್ರಾದ್ಧ’: ಹಿಂಸೆ ಯಾರದು?

ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಈಚೆಗೆ ಚಿಕ್ಕಲಸಂದ್ರದ ಮನೆಯಲ್ಲಿ ಮತ್ತೆ ನೋಡಿದೆ. ಅನಂತಮೂರ್ತಿಯವರ ಕಥೆಯ ವಿಧವೆ ಯಮುನೆ ಗರ್ಭಿಣಿಯಾದಾಗ ಪ್ರಿಯಕರನಾದ ಉಪಾಧ್ಯಾಯ ಕೈಬಿಡುತ್ತಾನೆ. ಇರುಳಿನಲ್ಲಿ ಗುಟ್ಟಾಗಿ ಗರ್ಭಪಾತವಾಗುತ್ತದೆ. ಕೊನೆಗೆ ತಂದೆ ಉಡುಪರೇ ಬದುಕಿರುವ ಮಗಳ ಶ್ರಾದ್ಧ ಮಾಡುತ್ತಾರೆ. ಭ್ರೂಣಹತ್ಯೆ ಹಿಂಸೆಯೆಂದೇ ನಂಬಿ ಬೆಳೆದ ನನ್ನನ್ನು ಈ ಸಲ ಹೆಚ್ಚು ಕಾಡಿದ್ದು ಆ ಶ್ರಾದ್ಧ. ಪ್ರಮತ್ತಯೋಗವೇ ಹಿಂಸೆಯ ಮೂಲವಾದರೆ, ಉಪಾಧ್ಯಾಯನ ಪಾಲನ್ನೂ ಅಗ್ರಹಾರದ ಪಾಲನ್ನೂ ಬಿಟ್ಟು ಯಮುನೆಯೊಬ್ಬಳ ಹೆಸರಿಗೆ ಖರ್ಚು ಬರೆಯುವುದು, ವ್ಯಾಪಾರಿಯ ಮಾತಿನಲ್ಲಿ, ಸುಳ್ಳು ಲೆಕ್ಕ.

ಚಿತ್ರ ತೆರೆಕಂಡಾಗ 1971ರ ಗರ್ಭಪಾತ ಕಾಯಿದೆ ಜಾರಿಯಲ್ಲಿತ್ತು. ಗರ್ಭನಿರೋಧಕ ವಿಫಲವಾಯಿತೆಂದು ಹೇಳುವ ಅವಕಾಶವನ್ನು ಅದು ವಿವಾಹಿತೆಗಷ್ಟೇ ನೀಡಿತ್ತು. ಅದನ್ನು ಎಲ್ಲ ಮಹಿಳೆಯರಿಗೂ ವಿಸ್ತರಿಸಿದ್ದು 2021ರ ತಿದ್ದುಪಡಿ. ಯಮುನೆಯಂಥವರನ್ನು ಕಾಯಿದೆಯೂ ಅರ್ಧಶತಮಾನ ಹೊರಗಿನವರಂತೆಯೇ ನೋಡಿತು. ಚಿತ್ರದಲ್ಲೂ ಒಂದು ಕೊರತೆಯಿದೆ: ಎಲ್ಲವನ್ನೂ ಬಾಲಕ ನಾಣಿಯ ಕಣ್ಣಿನಿಂದ ಕಾಣುವ ನಮಗೆ ಯಮುನೆ ತಾನೇ ಏನು ಬಯಸಿದ್ದಳೆಂಬುದು ಕೇಳಿಸುವುದಿಲ್ಲ.