ಮರಿಚ್‌ಝಾಪಿ: ಹೊಸ್ತಿಲ ಹೊರಗಿನ ಓದು

ನಿರಾಶ್ರಿತರನ್ನು ಗಡಿಯಲ್ಲಿ ತಡೆದು ವಾಪಸು ಕಳಿಸುವುದು ಸರಿಯೇ ಎಂದು ಚರ್ಚೆ ಮಾಡುವವರು ಕಾನೂನು, ಜಾಗ, ಕಾಸು ಈ ಮೂರನ್ನು ಲೆಕ್ಕ ಹಾಕುತ್ತಾರೆ. ಬಾಗಿಲಲ್ಲಿ ನಿಂತವರ ಜಾತಿ ಯಾವುದು ಅಂತ ಕೇಳುವುದಿಲ್ಲ. ಊರೊಳಗೇ ‘ಅಲ್ಲೇ ನಿಂತ್ಕೋ’ ಅನ್ನಿಸಿಕೊಂಡು ಬೆಳೆದ ನಾವಾದರೂ ಕೇಳಬೇಕು. ಬಂಗಾಳದ ಮರಿಚ್‌ಝಾಪಿಯಿಂದ ಶುರು ಮಾಡೋಣ.

ವಿಭಜನೆಯಾದಾಗ ಪೂರ್ವ ಬಂಗಾಳದಿಂದ ಮೊದಲು ಬಂದವರಲ್ಲಿ ಮೇಲ್ಜಾತಿಯ ವಿದ್ಯಾವಂತರೇ ಹೆಚ್ಚು. ಕಲ್ಕತ್ತೆಯ ಅಂಚಿನ ಖಾಲಿ ಜಾಗಗಳಲ್ಲಿ ಕಾಲೊನಿ ಕಟ್ಟಿಕೊಂಡು ಅವರು ನೆಲೆನಿಂತರು. ತಡವಾಗಿ ಬಂದ ನಾಮಶೂದ್ರ ರೈತರಿಗೆ ಮಾತ್ರ ಬಂಗಾಳದಲ್ಲಿ ಜಾಗವಿಲ್ಲ ಎಂದು ಹೇಳಿ ದಂಡಕಾರಣ್ಯಕ್ಕೆ ಸಾಗಿಸಲಾಯಿತು. ಒಣಭೂಮಿ, ಅದೂ ಆದಿವಾಸಿಗಳ ಸೀಮೆ. 1946ರಲ್ಲಿ ಬಾಬಾಸಾಹೇಬರು ಬಂಗಾಳದಿಂದ ಸಂವಿಧಾನ ಸಭೆಗೆ ಆರಿಸಿ ಹೋಗಲು ದುಡಿದ ಜೋಗೇಂದ್ರನಾಥ ಮಂಡಲರ ಜನ ಇವರು.

ವಿರೋಧ ಪಕ್ಷದಲ್ಲಿದ್ದಾಗ ಇವರನ್ನು ಬಂಗಾಳದಲ್ಲೇ ಉಳಿಸಿಕೊಳ್ಳಿ ಎನ್ನುತ್ತಿದ್ದ ಎಡಪಕ್ಷಗಳು 1977ರಲ್ಲಿ ಅಧಿಕಾರಕ್ಕೆ ಬಂದವು. ಆ ಮಾತನ್ನು ನಂಬಿ 1978ರಲ್ಲಿ ಸಾವಿರಾರು ಕುಟುಂಬಗಳು ಹೊರಟವು. ಬಹಳ ಜನರನ್ನು ದಾರಿಯಲ್ಲೇ ಹಿಡಿದು ವಾಪಸು ಅಟ್ಟಿದರು. ತಪ್ಪಿಸಿಕೊಂಡವರು ಸುಂದರಬನದ ಮರಿಚ್‌ಝಾಪಿ ದ್ವೀಪ ಸೇರಿ, ತಮ್ಮ ದುಡಿಮೆಯಿಂದಲೇ ಶಾಲೆ, ದವಾಖಾನೆ ಕಟ್ಟಿಕೊಂಡರು. ಇದು ಮೀಸಲು ಅರಣ್ಯ, ಖಾಲಿ ಮಾಡಿ ಎಂದಿತು ಸರ್ಕಾರ. 1979ರ ಜನವರಿಯಲ್ಲಿ ಪೊಲೀಸ್ ಲಾಂಚುಗಳು ದ್ವೀಪವನ್ನು ಸುತ್ತುವರಿದು ಅಕ್ಕಿ, ಕುಡಿಯುವ ನೀರು ಬಾರದಂತೆ ತಡೆದವು. ಗೋಲಿಬಾರ್ ನಡೆಯಿತು. ಮೇ ತಿಂಗಳಲ್ಲಿ ಗುಡಿಸಲು ಸುಟ್ಟು ಉಳಿದವರನ್ನು ಹೊರಹಾಕಿದರು. ಸತ್ತವರ ಬಗ್ಗೆ ಸರ್ಕಾರದ ಲೆಕ್ಕ ಎರಡು ಬೆರಳಲ್ಲಿ ಮುಗಿಯುತ್ತದೆ. ಬದುಕುಳಿದವರು ನೂರುಗಳಲ್ಲಿ ಎಣಿಸುತ್ತಾರೆ.

ಅಮಿತಾವ್ ಘೋಷರ ‘ದಿ ಹಂಗ್ರಿ ಟೈಡ್’ (2004) ಕಾದಂಬರಿ ಇದನ್ನು ದೂರದ ಓದುಗರಿಗೂ ಮುಟ್ಟಿಸಿತು. ಅಷ್ಟರ ಮಟ್ಟಿಗೆ ಅದರ ಋಣ ಒಪ್ಪೋಣ. ಆದರೆ ದ್ವೀಪದ ಕತೆ ನಮಗೆ ಸಿಗುವುದು ನಿರ್ಮಲ್ ಎಂಬ ಭದ್ರಲೋಕದ ಹೆಡ್‌ಮಾಸ್ತರರ ನೋಟ್‌ಬುಕ್ಕಿನಲ್ಲಿ. ರಿಲ್ಕೆಯನ್ನು ಓದುವ ಈ ಮೇಷ್ಟ್ರಿಗೆ ನಿರಾಶ್ರಿತರಲ್ಲಿ ತಮ್ಮ ಕೈತಪ್ಪಿದ ಕ್ರಾಂತಿಯ ಕನಸು ಕಾಣಿಸುತ್ತದೆ. ಬಂದವರು ದಲಿತರು ಎಂಬ ಮಾತು ಒಮ್ಮೆ ಬಂದು ಹೋಗುತ್ತದೆ. ಕುಸುಮ್ ದ್ವೀಪದಲ್ಲಿ ಸಾಯುತ್ತಾಳೆ; ಅವಳ ಮಗ ಫೋಕಿರ್‌ಗೆ ಓದು ಬರದು, ಕೊನೆಗೆ ಅವನೂ ಸಾಯುತ್ತಾನೆ. ನೋಟ್‌ಬುಕ್ಕು ಸೇರುವುದು ಮೇಷ್ಟ್ರ ಸಂಬಂಧಿಕನನ್ನು. ಓದುಗನಿಗೆ ಮರುಕ ಹುಟ್ಟುತ್ತದೆ, ನಿಜ. ಮರುಕ ಪಡುವವನು ಹೊಸ್ತಿಲ ಒಳಗೇ ಇರುತ್ತಾನಲ್ಲ!

ಇದರ ಪಕ್ಕದಲ್ಲಿ ಮನೋರಂಜನ್ ಬ್ಯಾಪಾರಿಯವರ ಆತ್ಮಕತೆ ‘ಇತಿಬೃತ್ತೇ ಚಂಡಾಲ ಜೀಬನ್’ ಇಟ್ಟು ಓದಬೇಕು. ನಿರಾಶ್ರಿತರ ಶಿಬಿರದಲ್ಲಿ ಬೆಳೆದು, ಜೈಲಿನಲ್ಲಿ ಅಕ್ಷರ ಕಲಿತು, ಕಲ್ಕತ್ತೆಯಲ್ಲಿ ರಿಕ್ಷಾ ನಡೆಸಿದ ಮನುಷ್ಯ. ಅಲ್ಲಿ ಹಸಿವಿಗೆ ಹಸಿವು ಅಂತಲೇ ಹೆಸರು. ಅವರು ಕರುಣೆ ಬೇಡುವುದಿಲ್ಲ; ನಮ್ಮ ಪಾಲು ಎಲ್ಲಿ ಅಂತ ಕೇಳುತ್ತಾರೆ. ಗಡಿಯ ನೈತಿಕತೆಯನ್ನು ಈ ಪ್ರಶ್ನೆಯಿಂದ ಅಳೆಯಬೇಕು.

2019ರ ಪೌರತ್ವ ತಿದ್ದುಪಡಿ ಕಾಯ್ದೆ ಧರ್ಮ ನೋಡಿ ಬಾಗಿಲು ತೆರೆಯುತ್ತದೆ. ಮರಿಚ್‌ಝಾಪಿಯಲ್ಲಿ ಗುಂಡಿಗೆ, ಹಸಿವಿಗೆ ಬಲಿಯಾದವರೂ ಹಿಂದೂಗಳೆಂದೇ ಲೆಕ್ಕಕ್ಕೆ ಸೇರಿದವರು. ಆ ಧರ್ಮ ಅವರಿಗೆ ಒಂದು ಕೊಡ ನೀರನ್ನೂ ತಂದುಕೊಡಲಿಲ್ಲ. ಇದು ಗೊತ್ತಿದ್ದ ಮೇಲೆ, ರೋಹಿಂಗ್ಯಾ ಮುಸ್ಲಿಮರಿಗೆ ‘ಜಾಗ ಇಲ್ಲ ಹೋಗ್ರೋ’ ಅನ್ನುವವರ ಸಾಲಿನಲ್ಲಿ ದಲಿತನೊಬ್ಬ ನಿಲ್ಲುವುದು ಹೇಗೆ?

ದೂರ ಯಾಕೆ, ನಮ್ಮ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲೂ ಪೂರ್ವ ಬಂಗಾಳದಿಂದ ಬಂದ ನಾಮಶೂದ್ರರಿದ್ದಾರೆ. ಅವರ ಕತೆ ಕನ್ನಡದ ಕತೆಯೂ ಹೌದು ಅಂತ ನಮ್ಮ ದಲಿತ ವಿಮರ್ಶೆಗೆ ಇನ್ನೂ ಯಾಕೆ ಅನ್ನಿಸಿಲ್ಲ?