ಎರಡೂ ಕಡೆ ನೋಡುವ ಕೈ

ಮನ್ನಾಏಖೇಳ್ಳಿ ಕಡೆಯ ಒಂದು ಕಣ್ಣಿನ ಶಿಬಿರ. ಮುತ್ಯಾ ಒಬ್ಬರು ಬಂದು ಸ್ಟೂಲಿನ ಮೇಲೆ ಕೂತರು. ‘ನಂದೇನೂ ತಕರಾರಿಲ್ಲ ಯವ್ವಾ, ಮಗ ಕರ್ಕೊಂಡು ಬಂದಾನ, ಬಂದೀನಿ’ ಅಂದರು. ಸಿಸ್ಟರ್ ಅವರ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ 6 ಮೀಟರ್ ಆಚೆಯ ಚಾರ್ಟ್ ತೋರಿಸಿದರು. ಇಂಗ್ಲಿಷ್ ‘E’ ಅಕ್ಷರದ ಕಾಲು ಮೇಲಿದೆಯೋ ಕೆಳಗಿದೆಯೋ, ಮುತ್ಯಾ ಬೆರಳಲ್ಲಿ ತೋರಿಸುತ್ತ ಹೋದರು. ಆಮೇಲೆ ಬಲಗಣ್ಣು ಮುಚ್ಚಿದರು. ಮುತ್ಯಾ ಬೆರಳು ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಯವ್ವಾ, ಈ ಕಣ್ಣಿಗಿ ಮಂಜ್ ಕವದಂಗ ಅದ’ ಎಂದರು. ಎಡಗಣ್ಣಲ್ಲಿ ಮೋತಿಬಿಂದು ಬಲಿತಿತ್ತು. ಬಲಗಣ್ಣೊಂದೇ ಎರಡರ ದುಡಿಮೆಯನ್ನೂ ಮಾಡುತ್ತಿದ್ದುದರಿಂದ ಮನೆಯವರಿಗಿರಲಿ, ಅವರಿಗೇ ಅದು ಗೊತ್ತಾಗಿರಲಿಲ್ಲ.

ದವಾಖಾನೆಯ ಕೆಲಸಗಳಲ್ಲಿ ತಲೆ, ಕಣ್ಣು, ಕುತ್ತಿಗೆಯ ತಪಾಸಣೆಯಷ್ಟು ನನಗೆ ಪ್ರಿಯವಾದದ್ದು ಇನ್ನೊಂದಿಲ್ಲ. ಅದಕ್ಕೆ ಬೇಕಾಗುವುದು ಒಂದು ಟಾರ್ಚ್, ಒಂದು ಗ್ಲಾಸ್ ನೀರು, ಉಗುರು ತೆಗೆದ ಬೆಚ್ಚಗಿನ ಕೈ. ಅಳತೆಗೋಲನ್ನು ರೋಗಿಯೇ ಹೊತ್ತು ತಂದಿರುತ್ತಾನೆ. ಕಣ್ಣು ಎರಡು, ಹುಬ್ಬು ಎರಡು, ಕೆನ್ನೆಯ ಗೆರೆ ಎರಡು, ಕುತ್ತಿಗೆಯ ಬದಿ ಎರಡು. ಎಡಕ್ಕೆ ಬಲವೇ ಅಳತೆ, ಬಲಕ್ಕೆ ಎಡ. ಒಂದು ರೆಪ್ಪೆ ಕೊಂಚ ಜೋತಿದೆ, ನಗುವಾಗ ಬಾಯಿ ಒಂದೇ ಕಡೆಗೆ ಎಳೆಯುತ್ತಿದೆ ಎಂಬುದನ್ನು ನುರಿತ ಸಿಸ್ಟರ್ ಹೆಸರು, ಊರು ಕೇಳುವಷ್ಟರಲ್ಲೇ ನೋಡಿ ಮುಗಿಸಿರುತ್ತಾರೆ.

ಕಣ್ಣು ಮುಚ್ಚುವುದರಲ್ಲೂ ಒಂದು ಹದವಿದೆ. ಬೆರಳಿಂದ ಮುಚ್ಚಿದರೆ ಸಂದಿಯಲ್ಲಿ ಇಣುಕುತ್ತಾರೆ; ಒತ್ತಿ ಮುಚ್ಚಿದರೆ ಕೈ ತೆಗೆದ ಮೇಲೆ ಆ ಕಣ್ಣು ಮಸುಕಾಗುತ್ತದೆ. ಅಂಗೈಯನ್ನು ಬೊಗಸೆಯಂತೆ ಬಾಗಿಸಿ ಹಿಡಿಯಬೇಕು. ನೆದರ್‌ಲ್ಯಾಂಡ್ಸ್‌ನ ಹರ್ಮನ್ ಸ್ನೆಲನ್ ತನ್ನ ಅಕ್ಷರಗಳ ಚಾರ್ಟ್ ತಂದದ್ದು 1862ರಲ್ಲಿ. ಅಂದಿನಿಂದ ಚಾರ್ಟುಗಳು ಎಷ್ಟೋ ಬಗೆಯಾದವು, ಒಂದೊಂದೇ ಕಣ್ಣು ನೋಡಬೇಕೆಂಬ ನಿಯಮ ಮಾತ್ರ ಹಾಗೇ ಉಳಿದಿದೆ.

ರಕ್ತ ಕಡಿಮೆಯಿದೆಯೇ ಎಂದು ತಿಳಿಯಲು ಕೆಳರೆಪ್ಪೆ ಎಳೆದು ನೋಡುವುದು ಎಲ್ಲರಿಗೂ ಗೊತ್ತು. ನೋಡಬೇಕಾದ್ದು ಮಾತ್ರ ರೆಪ್ಪೆಯ ಅಂಚನ್ನು. ಒಳಗಿನ ಭಾಗ ಆರೋಗ್ಯವಂತರಲ್ಲೂ ತುಸು ಪೇಲವವೇ. ಅಂಚು ಕೆಂಪಗೆ ಎದ್ದು ಕಾಣಬೇಕು. ಅಂಚೂ ಒಳಗಿನಷ್ಟೇ ಬಿಳಿಚಿದ್ದರೆ ರಕ್ತಪರೀಕ್ಷೆಗೆ ಕಳಿಸಬೇಕು. ಕಾಮಣಿಯ ಹಳದಿಯನ್ನು ಬಲ್ಬಿನ ಕೆಳಗೆ ನಿರ್ಧರಿಸಬಾರದು. ರೋಗಿಯನ್ನು ಬಾಗಿಲ ಬೆಳಕಿಗೆ ಕರೆತಂದು, ಕೆಳಗೆ ನೋಡಿ ಎಂದು ಹೇಳಿ, ಮೇಲ್ರೆಪ್ಪೆ ಎತ್ತಿ ಕಣ್ಣಿನ ಬಿಳಿಯನ್ನು ನೋಡಬೇಕು.

ನಮ್ಮ ಊರ ಮೈಗೆ ಹೈದರಾಬಾದ್ ಹೆದ್ದಾರಿ ಅಂಟಿಕೊಂಡಿದೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ತಿಂದವರು ಬಂದಾಗ ಟಾರ್ಚಿನ ಬೆಲೆ ತಿಳಿಯುತ್ತದೆ. ಬೆಳಕನ್ನು ಬದಿಯಿಂದ ತಂದು ಒಂದು ಕಣ್ಣಿಗೆ ಬಿಟ್ಟರೆ ಎರಡೂ ಪಾಪೆ ಒಟ್ಟಿಗೇ ಕುಗ್ಗಬೇಕು. ಆರೋಗ್ಯವಂತರಲ್ಲೇ ಸುಮಾರು ಐವರಲ್ಲೊಬ್ಬರಿಗೆ ಪಾಪೆಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಇರುವುದುಂಟು, ಆದರೆ ಬೆಳಕಿಗೆ ಎರಡೂ ಚುರುಕಾಗಿ ಸ್ಪಂದಿಸುತ್ತವೆ. ಪೆಟ್ಟು ಬಿದ್ದವನ ಒಂದು ಪಾಪೆ ಹಿಗ್ಗುತ್ತಾ ಹೋಗಿ ಬೆಳಕಿಗೆ ಕದಲದಿದ್ದರೆ ತಲೆಯೊಳಗೆ ಒತ್ತಡ ಏರುತ್ತಿದೆ ಎಂದೇ ತಿಳಿಯಬೇಕು. ಆಗ ಒಂದೊಂದು ನಿಮಿಷವೂ ಜೀವದ ಲೆಕ್ಕ. ಅದಕ್ಕೇ ಒಮ್ಮೆ ನೋಡಿ ಬಿಡುವುದಲ್ಲ; ಮತ್ತೆ ಮತ್ತೆ ನೋಡಿ, ಹೊತ್ತು ಬರೆದಿಡಬೇಕು.

ಕುತ್ತಿಗೆಗೆ ರೋಗಿಯ ಹಿಂದೆ ನಿಲ್ಲಬೇಕು. ಕಿವಿಯ ಮುಂದೆ, ಹಿಂದೆ, ದವಡೆಯ ಕೆಳಗೆ, ಗದ್ದದ ಕೆಳಗೆ, ಕತ್ತಿನ ಬದಿಗುಂಟ ಇಳಿದು ಕೊರಳ ಎಲುಬಿನ ಮೇಲಿನ ಕುಳಿಯವರೆಗೆ, ಎರಡೂ ಕೈಯ ಬೆರಳ ತುದಿ ಜತೆಜತೆಗೇ ಸಣ್ಣ ಸುತ್ತು ಹಾಕುತ್ತ ಸಾಗಬೇಕು. ಮುಟ್ಟಿದರೆ ನೋಯುವ, ಜಾರುವ ಮೆತ್ತನೆ ಗಂಟು ಹೆಚ್ಚಾಗಿ ಗಂಟಲು, ಹಲ್ಲಿನ ಸೋಂಕಿನದು. ಒಂದಕ್ಕೊಂದು ಅಂಟಿಕೊಂಡ ಗಂಟುಗಳು ಕ್ಷಯದ ಅನುಮಾನ ಹುಟ್ಟಿಸುತ್ತವೆ. ಹಿಂದಿನವರು ಗಂಡಮಾಲೆ ಎಂದದ್ದು ಇದನ್ನೇ. ನೋವೇ ಇಲ್ಲದ, ಅಲುಗದ, ಕಲ್ಲಿನಂಥ ಗಂಟು ಎಲ್ಲಕ್ಕಿಂತ ಕೆಟ್ಟದ್ದು. ಗುಟ್ಕಾ, ತಂಬಾಕು ಜಗಿಯುವವರ ದವಡೆ ಕೆಳಗೆ ಅಂಥದ್ದು ಸಿಕ್ಕರೆ ಕೂಡಲೇ ಬಾಯಿ ತೆರೆಸಿ ನೋಡಬೇಕು. ‘ನೋವಿಲ್ಲಲ್ರಿ, ಹೋಗ್ತದ ಬಿಡ್ರಿ’ ಎಂಬ ಮಾತಿಗೆ ಬಿಟ್ಟುಕೊಡಬಾರದು. ಇನ್ನು ಗಂಟಲ ನಡುವೆ ಉಬ್ಬಿದ್ದರೆ ಒಂದು ಗುಟುಕು ನೀರು ನುಂಗಿಸಿ. ಥೈರಾಯ್ಡ್ ಗ್ರಂಥಿ ಶ್ವಾಸನಾಳಕ್ಕೆ ಬಿಗಿದುಕೊಂಡಿರುವುದರಿಂದ ಅದರ ಬಾವು ಗುಟುಕಿನೊಂದಿಗೆ ಮೇಲೇರಿ ಇಳಿಯುತ್ತದೆ.

ಹೀಗೆ ಎರಡೂ ಕಡೆ ಕೂಡಿಯೇ ನಡೆಯುವ ಕೈ ಒಂದು ಜಾಗದಲ್ಲಿ ಮಾತ್ರ ತಡೆದು ನಿಲ್ಲಬೇಕು. ಕತ್ತಿನ ಎರಡೂ ಬದಿಯ ನಾಡಿಯನ್ನು ಒಟ್ಟಿಗೆ ಎಂದೂ ಒತ್ತಬಾರದು. ಮಿದುಳಿಗೆ ಹೋಗುವ ರಕ್ತ ತಗ್ಗಿ ಕೂತವರು ಕೂತಲ್ಲೇ ಕುಸಿಯಬಹುದು. ಅಲ್ಲಿ ಒಂದು ಕಡೆ ನೋಡಿ, ಬಿಟ್ಟು, ಇನ್ನೊಂದು ಕಡೆ. ಈ ತಡೆ ಕೈಗೆ ತಾನಾಗಿ ಬಂದಿದ್ದರೆ ಆ ಕೈ ಪಳಗಿದೆ ಎಂದೇ ಅರ್ಥ.

ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಹಳ್ಳಿಹಳ್ಳಿಗೆ ಕಣ್ಣಿನ ಶಿಬಿರ ಒಯ್ದವರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. 1968ರಲ್ಲಿ ಪದ್ಮಭೂಷಣ ಬಂತು. ಆ ಸಂಖ್ಯೆ ಓದಿದಾಗಲೆಲ್ಲ ನನಗೆ ನೆನಪಾಗುವುದು ಸಾಲಿನಲ್ಲಿ ಕೂತವರ ರೆಪ್ಪೆ ಎತ್ತಿ, ಟಾರ್ಚ್ ಹಿಡಿದು, ಇವರು ಒಳಗೆ ಹೋಗಲಿ ಎಂದವರು. ಮೊದಲು ಯಾರೋ ನೋಡದೆ ಯಾವ ಕಣ್ಣೂ ಮೇಜಿನವರೆಗೆ ಬರುವುದಿಲ್ಲ. ನಮ್ಮ ಪಕ್ಕದ ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬ, ತನ್ನ ವೃತ್ತಿಯ ಮಾತುಗಳನ್ನೇ ವಚನಕ್ಕೆ ತಂದವನು. ದುಡಿಯುವ ಕೈಗೆ ಕಾಯಕವೆಂಬ ಹೆಸರು ಕೊಟ್ಟ ಈ ನೆಲದಲ್ಲಿ ಸಿಸ್ಟರ್ ಕೈಗೂ ಅದೇ ಮಾನ ಸಲ್ಲಬೇಕು.

ಈ ಭಾನುವಾರ ಮನೆಯ ಹಿರಿಯರನ್ನು ಗೋಡೆಯ ಕ್ಯಾಲೆಂಡರಿನ ಎದುರು ಕೂರಿಸಿ. ಚಷ್ಮಾ ಇದ್ದರೆ ಇರಲಿ. ಅಂಗೈ ಬಾಗಿಸಿ ಒಂದು ಕಣ್ಣು ಮುಚ್ಚಿ ತಾರೀಖು ಕೇಳಿ. ಆಮೇಲೆ ಇನ್ನೊಂದು ಮುಚ್ಚಿ. ಉತ್ತರ ತಡವಾದರೆ ಸೋಮವಾರವೇ ದವಾಖಾನೆಗೆ ಕರೆದುಕೊಂಡು ಹೋಗಿ.